ಅಪೀಲು ಹಾಕುವ ಗಂಡು

೧೪ ನವೆಂಬರ್, ಶುಕ್ರವಾರ. ಶಿಡ್ಲಘಟ್ಟ.

ಹಿಪ್ಪುನೇರಳೆ ತೋಟದ ದಾರಿಯ ಕೇಸು ಗೆದ್ದೆ. ಆದರೆ ಹೊರಗೆ ಬರುತ್ತಲೇ ನನ್ನ ಕ್ಲೈಂಟ್ ಅಮ್ಮಾಜಮ್ಮ, "ಎದುರು ಲಾಯರಪ್ಪ ನಿನ್ನ ಮುಖ ನೋಡ್ಕೊಂಡೇ ಸೋತ್ನಲ್ಲಮ್ಮ" ಎಂದುಬಿಟ್ಟರು. ಮೈಯೆಲ್ಲ ಉರಿಯಿತು. ಮೂರು ವರ್ಷ ಈ ಕೇಸಿನಲ್ಲಿ ನನ್ನೊಡನೆ ಕಿತ್ತಾಡಿದ ಎದುರು ವಕೀಲ ವಿನಯ್ ಬೇಕೆಂದೇ ಬಿಟ್ಟುಕೊಟ್ಟನೇ?

ಕ್ಯಾಂಟೀನಿನಲ್ಲಿ ಅವನೇ ಬಂದು ಎದುರು ಕೂತ. "ಶಾಂಭವಿ, ನನ್ನ ಮದುವೆ ಆಗ್ತೀರಾ?"

"ಮೊದಲು ಹೇಳಿ, ಬೇಕಂತಲೇ ಸೋತ್ರಾ?"

ಅವನ ಮುಖ ಕೆಂಪಾಯಿತು. "ಏನ್ರೀ ಹಂಗಂದ್ರೆ? ಆ ತೀರ್ಪೇ ತಪ್ಪು. ಚಿಕ್ಕಬಳ್ಳಾಪುರದಲ್ಲಿ ಅಪೀಲು ಹಾಕೇ ಹಾಕ್ತೀನಿ."

ಆ ಸಿಟ್ಟು ನೋಡಿ ಜೀವ ತಣ್ಣಗಾಯಿತು. ನಾನು ಗೆದ್ದದ್ದು ನಿಜವಾಗಿ ಗೆದ್ದದ್ದೇ!

"ಹಾಕೋದಾದ್ರೆ ಆಗ್ತೀನಿ" ಎಂದೆ.

ಅಪ್ಪನಿಗೆ ನಾಳೆ ಹೇಳಬೇಕು. ತಾಳಿ ಕಟ್ಟಿಸಿಕೊಂಡೇ ಅಪೀಲಿನಲ್ಲೂ ಇವನನ್ನು ಸೋಲಿಸುತ್ತೇನೆ. ಆಗ ಅಮ್ಮಾಜಮ್ಮ ಏನನ್ನುತ್ತಾರೋ...