ಬದನೆಕಾಯಿಯ ನಂಜು

ಹಿಂದೂಪುರ
9-8-2006

ಅಮೃತಾಳ ಅಪ್ಪನಿಗೆ, ಮೀನಾ ಮಾಡುವ ನಮಸ್ಕಾರ.

ತವರಿನಲ್ಲಿ ಕ್ಷೇಮವಾಗಿದ್ದೇನೆ ಎಂದು ಬರೆಯುವ ಮನಸ್ಸಿಲ್ಲ. ಕಲ್ಯಾಣದುರ್ಗದ ಬಸ್ಸಿನಲ್ಲಿ ನೀವು ಕೊಟ್ಟು ಕಳಿಸಿದ ಬೇರಿನ ಕಷಾಯ ತಲುಪಿತು. ಮೋರಿಗೆ ಸುರಿದೆ. ನನ್ನ ಎದೆಯ ಕ್ಯಾನ್ಸರ್ ಗಡ್ಡೆಯ ಆಪರೇಷನ್ ಆಗಿ ಎರಡು ತಿಂಗಳಾಯಿತು. ಕಷಾಯ ಬಂತು, ನೀವು ಬರಲಿಲ್ಲ.

ನಿಮ್ಮಮ್ಮ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿರುವುದು ಇಲ್ಲಿಗೂ ಮುಟ್ಟಿದೆ. "ಬಾಣಂತನದಾಗೆ ಪಥ್ಯ ಬಿಟ್ಟು ಬದ್ನೆಕಾಯಿ ತಿಂದ್ಬುಟ್ಳು ಕಣಮ್ಮ, ಆ ನಂಜು ಎದೇಗಿಳೀತು" ಅಂತ. ಹೌದು, ತಿಂದೆ. ಬೆಳ್ಳುಳ್ಳಿ, ಮೆಣಸಿನ ಸಾರು ತಿಂದೂ ತಿಂದೂ ನಾಲಿಗೆ ಸತ್ತುಹೋಗಿತ್ತು. ನಿಮಗೆ ಮಾಡಿಟ್ಟಿದ್ದ ಪಲ್ಯದಲ್ಲಿ ಎರಡು ಹೋಳು ಬಾಯಿಗೆ ಹಾಕಿಕೊಂಡೆ. ಅದಾಗಿ ಒಂಬತ್ತು ವರ್ಷವಾಯಿತು. ಬೆಂಗಳೂರಿನ ಡಾಕ್ಟರಮ್ಮನನ್ನು ಅದನ್ನೇ ಕೇಳಿದೆ. ಈ ಕಾಯಿಲೆ ಇಂಥವರಿಗೆ ಇಂಥದ್ದರಿಂದಲೇ ಬಂತೆಂದು ಹೇಳುವುದು ಕಷ್ಟ, ಆದರೆ ಬದನೆಕಾಯಿಯಿಂದ ಅಲ್ಲವೇ ಅಲ್ಲ ಅಂದರು. ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನದಿದ್ದರೆ ಇಂಜೆಕ್ಷನ್ ತಡೆದುಕೊಳ್ಳೋದು ಹೇಗೆ ಅಂತ ನನಗೇ ಬೈದರು.

ನನ್ನನ್ನು ಏನು ಬೇಕಾದರೂ ಅನ್ನಲಿ, ಅನ್ನಿಸಿಕೊಂಡು ಅಭ್ಯಾಸವಿದೆ. ಮಗಳ ತಟ್ಟೆಗೆ ಯಾಕೆ ಕೈ ಹಾಕಿದಿರಿ? ತಾಯಿಯ ನಂಜು ಮಗಳ ಮೈಯಲ್ಲೂ ಇರುತ್ತದೆ ಅಂತ ಅವಳಿಗೆ ಮೊಟ್ಟೆ ಇಲ್ಲ, ಬೇಳೆ ಇಲ್ಲ. ಸುತ್ತಲೂ ಕಡಲೆಕಾಯಿ ಬೆಳೆಯುವ ಊರಿನಲ್ಲಿ ಮಗುವಿಗೆ ಒಂದು ಚಮಚ ಕಡಲೆಕಾಯಿ ಚಟ್ನಿ ಇಲ್ಲ. ಸ್ಕೂಲಿನಲ್ಲಿ ಕೊಡುವ ಮೊಟ್ಟೆಯನ್ನು ಅಜ್ಜಿಗೆ ಹೆದರಿ ಪಕ್ಕದವಳಿಗೆ ಕೊಟ್ಟುಬಿಡುತ್ತಾಳಂತೆ. ಮೊನ್ನೆ ಪ್ರಾರ್ಥನೆಗೆ ನಿಂತವಳು ಕಣ್ಣು ಕತ್ತಲೆ ಬಂದು ಬಿದ್ದಳಂತೆ. ನೀವು ಮಾತ್ರ ದಿನಾ ಆಮ್ಲೆಟ್ ತಿಂದೇ ಪಂಕ್ಚರ್ ಅಂಗಡಿಗೆ ಹೋಗುತ್ತೀರಿ. ಗಂಡಸರ ತಟ್ಟೆಗೆ ನಂಜು ಬರುವುದಿಲ್ಲವೇನು? ನಾಚಿಕೆ ಆಗಬೇಕು ನಿಮಗೆ.

ಭಾನುವಾರ ಅಮೃತಾಳನ್ನು ಇಲ್ಲಿಗೆ ಕರೆದುಕೊಂಡು ಬನ್ನಿ. ಇನ್ನು ಅವಳು ನನ್ನ ಜೊತೆ ಉಣ್ಣಲಿ. ನೀವು ಬರದಿದ್ದರೆ ಸೋಮವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ತಲೆಯಲ್ಲಿ ಒಂದು ಕೂದಲೂ ಉಳಿದಿಲ್ಲ. ಸೆರಗು ಹೊದೆಯದೆ ನಿಮ್ಮ ಬೀದಿಯಲ್ಲಿ ನಡೆದು ಬರುತ್ತೇನೆ. ನಿಮ್ಮಮ್ಮ ಯಾರ್ಯಾರಿಗೆ ಹೇಳಿದ್ದಾರೋ ಅವರೆಲ್ಲ ಬಾಗಿಲಿಗೆ ಬಂದು ನೋಡಲಿ.

ಇಂತಿ,
ಇನ್ನೂ ಬದುಕಿರುವ ನಿಮ್ಮ ಹೆಂಡತಿ
ಮೀನಾ

ತಾ.ಕ.: ಇದೆಲ್ಲ ನನಗೆ ಹೇಳಿದ್ದು ಅಮೃತಾಳೇ. ನಿನ್ನೆ ಸ್ಕೂಲಿನ ಹತ್ತಿರದ ಕಾಯಿನ್ ಬೂತಿನಿಂದ ಫೋನ್ ಮಾಡಿದ್ದಳು. ಅವಳನ್ನು ಬೈದೀರಿ ಜೋಕೆ. ದೂರು ಹೇಳೋಕೆ ಮಾಡಿದ ಫೋನಲ್ಲ ಅದು. ಕೊನೆಯಲ್ಲಿ ಮೆಲ್ಲಗೆ ಕೇಳಿದಳು: "ಅಮ್ಮಾ, ನಾನು ಚಿಕ್ಕೋಳಿದ್ದಾಗ ನಿನ್ ಹಾಲೆಲ್ಲ ಪೂರ್ತಿ ಕುಡಿದ್ಬುಟ್ಟಿದ್ರೆ ಆ ನಂಜು ನಿಂಗೆ ಉಳೀತಿರ್ಲಿಲ್ಲ, ಅಲ್ವಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ಟಾಯಿತು. ಈ ಕಾಗದ ಸಿಕ್ಕಿದ ಕೂಡಲೇ ಅವಳನ್ನು ಹತ್ತಿರ ಕೂರಿಸಿಕೊಂಡು, ನಿಮ್ಮಮ್ಮನ ಎದುರಿಗೇ, ಅಲ್ಲ ಅಂತ ಹೇಳಿ.