ಅಜ್ಜನ ದಿಬ್ಬದ ಹೆಜ್ಜೆಗಳು

ಕೋವಿಂಗ್ಟನ್ ಬಳಿಯ ನಮ್ಮ ಬೇಟೆಮನೆ
ನವೆಂಬರ್ 15, ಸಂಜೆ

ಪ್ರೀತಿಯ ರೈನೋ ಅಣ್ಣ,

ಹೇಗಿದ್ದೀ? ಹಡಗಿನ ಕೆಲಸ, ಸರೋವರದ ಗಾಳಿ, ನಿನ್ನ ಕೆಮ್ಮು ಎಲ್ಲ ಹತೋಟಿಯಲ್ಲಿವೆಯೇ? ನಿನ್ನ ಕಾಗದ ಬಂದು ಆರು ವಾರವಾಯಿತು. ನಾಲ್ಕು ವರ್ಷ ಸಾಹಿತ್ಯ ಓದಿದವಳಿಗೆ ಒಂದು ಉತ್ತರ ಬರೆಯಲು ಇಷ್ಟು ದಿನ ಬೇಕೇ ಎಂದು ಗೊಣಗಿರುತ್ತೀ. ಬರೆಯುವಂಥ ಸುದ್ದಿ ಇರಲಿಲ್ಲ, ಅಷ್ಟೆ. ಈಗ ಇದೆ.

ಹೊಡೆದೆ ಅಣ್ಣಾ! ಎಂಟು ಕವಲಿನ ಕೊಂಬಿನ ಗಂಡು ಜಿಂಕೆ. ಅಜ್ಜನ ದಿಬ್ಬದಲ್ಲಿ, ಅಜ್ಜನ ಕೋವಿಯಿಂದ, ಅಜ್ಜನ ರೀತಿಯಲ್ಲೇ. ಜಿಂಕೆಯನ್ನು ಸೆಳೆಯಲು ಒಂದು ಚೂರು ಕ್ಯಾರೆಟ್ ಸುರಿಯದೆ!

ನಿನ್ನ ಕಾಗದದ ಆ ಸಾಲು ನನಗೆ ಬಾಯಿಪಾಠವಾಗಿದೆ: "ಅಜ್ಜನ ದಿಬ್ಬದಲ್ಲಿ ಮೇವು ಹಾಕದೆ, ಬರೀ ಹೆಜ್ಜೆ ನೋಡಿ ನೀನೊಂದು ಗಂಡು ಹೊಡೆದರೆ ಕ್ರಿಸ್‌ಮಸ್ಸಿಗೆ ಮನೆಗೆ ಬರ್ತೀನಿ. ಇಲ್ಲದಿದ್ದರೆ ನನ್ನನ್ನು ಕರೀಬೇಡ." ಅದನ್ನು ಊಟದ ಮೇಜಿನಲ್ಲಿ ಅಪ್ಪನ ಮುಂದೆ ಗಟ್ಟಿಯಾಗಿ ಓದಿಬಿಟ್ಟಿದ್ದೆ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗಲಿಲ್ಲ, ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಅಪ್ಪ ತಿನ್ನುವುದನ್ನು ನಿಲ್ಲಿಸಿ, "ಕೊನೇದು ಇನ್ನೊಂದ್ಸಲ ಓದು" ಎಂದ. ಓದಿದೆ. "ಹ್ಞೂಂ" ಎಂದು ತಟ್ಟೆ ಎತ್ತಿಕೊಂಡು ಹೋದ. ಅಜ್ಜನನ್ನು ಮಣ್ಣು ಮಾಡಿದ ದಿನ ಚರ್ಚಿನ ಮೆಟ್ಟಿಲ ಮೇಲೆ ನೀನು ಅಪ್ಪನಿಗೆ, "ಅಜ್ಜ ಕೊನೇ ನಾಕು ವರ್ಷವೂ ಬರೀ ಹೆಜ್ಜೆ ನೋಡಿ ಹೊಡೆದ. ತರಕಾರಿ ಸುರಿದು ಕಾಯೋನು ಬೇಟೆಗಾರನೇ ಅಲ್ಲ. ಅಜ್ಜನ ಮಗ ಅನ್ನಿಸ್ಕೊಳ್ಳೋಕೆ ನಾಚಿಕೆ ಆಗಲ್ವಾ?" ಎಂದಾಗಲೂ ಅವನು ಇಷ್ಟೇ ಹೇಳಿದ್ದ. ಅಂದಿನಿಂದ ನೀನು ಮನೆಗೆ ಬಂದಿಲ್ಲ.

ಇರಲಿ, ಬೇಟೆಯ ವಿಷಯಕ್ಕೆ ಬರುತ್ತೇನೆ. ಬೇಟೆಯ ಋತು ಶುರುವಾಗುವ ಮೂರು ದಿನ ಮೊದಲೇ ಇಲ್ಲಿಗೆ ಬಂದೆವು. ಅಪ್ಪ ಮತ್ತು ಅರ್ವಿ ಚಿಕ್ಕಪ್ಪ ಎಂದಿನಂತೆ ಜೌಗಿನ ಅಂಚಿನ ಅಟ್ಟಣೆಯ ಮುಂದೆ ಎರಡು ಬಕೆಟ್ ಕ್ಯಾರೆಟ್ ಸುರಿದರು. ನಾನು ಒಬ್ಬಳೇ ದಿಬ್ಬ ಹತ್ತಿದೆ. ಅಜ್ಜ ಕಲಿಸಿದ್ದೆಲ್ಲ ಕಾಲಿಗೇ ನೆನಪಿತ್ತು. ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡು, ಆಮೇಲೆ ನೆಲ ನೋಡು, ಜಿಂಕೆಯನ್ನು ಹುಡುಕುವುದು ಕೊನೆಗೆ. ಎಳೆಯ ದೇವದಾರಿನ ತೊಗಟೆ ಕೊಂಬಿನ ಉಜ್ಜಾಟಕ್ಕೆ ಸುಲಿದು ಒಳಗಿನ ಕೆಂಪು ಇನ್ನೂ ಹಸಿಯಾಗಿತ್ತು. ಗೊರಸಿನಿಂದ ಕೆರೆದ ಮಣ್ಣಿನಲ್ಲಿ ಮೂತ್ರದ ಘಾಟು. ಹಿಮದಲ್ಲಿ ಅದು ಮಲಗಿ ಎದ್ದ ಗುಳಿಯೊಳಗೆ ಕೈಯಿಟ್ಟೆ. ಒಂದು ದೊಡ್ಡ ಹೆಜ್ಜೆ ದಿನವೂ ಬೆಳಗ್ಗೆ ದಿಬ್ಬದ ಹಿಂದಿನ ತಗ್ಗಿನ ಕಡೆಗೆ ಹೋಗುತ್ತಿತ್ತು. ಎಂಥ ಓದು ಅಂತೀಯಾ! ಕಾಲೇಜಿನಲ್ಲಿ ಯಾವ ಪುಟವೂ ನನ್ನನ್ನು ಹೀಗೆ ಕುಣಿಸಿರಲಿಲ್ಲ.

"ಮೂರು ದಿನದಿಂದ ನೆಲ ಮೂಸ್ತಿದ್ದಾಳೆ. ಇನ್ನು ನಾಯಿ ಸಾಕೋದೇ ಬೇಡ ವೈನೋ" ಎಂದು ಚಿಕ್ಕಪ್ಪ ಅಪ್ಪನಿಗೆ ಹೇಳಿ ನಕ್ಕ. ಕತ್ತರಿಯನ್ನು ಮೇಜಿನ ಮೇಲೆ ತಂದಿಟ್ಟ. "ಗುರಿ ತಪ್ಪಿದ್ರೆ ಅಂಗಿ ತುದಿ ಗೋಡೆಗೆ. ಹುಡುಗಿ ಅಂತ ಬಿಡಲ್ಲ ಕಣೇ." ಗೋಡೆಯ ಮೇಲೆ ಅವನವೇ ಏಳು ತುಂಡುಗಳಿವೆ, ಹೇಳುವ ಬಾಯಿ ನೋಡು!

ಅಪ್ಪ ಮಾತ್ರ ನಗಲಿಲ್ಲ. ದಿನವೂ ನಮಗಿಂತ ಮೊದಲೇ ಎದ್ದು ಬಕೆಟ್ ಹಿಡಿದು ತೊರೆಗೆ ನೀರಿಗೆ ಹೋಗುತ್ತಿದ್ದ.

ಇವತ್ತು ಬೆಳಕು ಹರಿದು ಅರ್ಧ ಗಂಟೆಯಾಗಿತ್ತು. ಹೆಮ್ಲಾಕ್ ಮರಕ್ಕೆ ಒರಗಿ ಕೂತಿದ್ದೆ. ತಗ್ಗಿನಿಂದ ಅದು ಹತ್ತಿ ಬಂತು. ನಾನು ಲೆಕ್ಕ ಹಾಕಿದ ದಾರಿಯಲ್ಲೇ ಬಂತು ಅಣ್ಣಾ, ನಾನು ಬರೆದುಕೊಟ್ಟ ಹಾಗೆ! ಉಸಿರು ಬಿಟ್ಟೆ, ಕೋವಿಯ ಕುದುರೆ ಎಳೆದೆ. ನಲವತ್ತು ಹೆಜ್ಜೆ ಓಡಿ ಬಿತ್ತು. ಹತ್ತಿರ ಹೋಗಿ ಮೊಣಕಾಲೂರಿ, ಬೆಚ್ಚಗಿದ್ದ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಅತ್ತೆ. ಅದನ್ನು ಚಿಕ್ಕಪ್ಪನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಗುಂಡಿನ ಸದ್ದಿಗೆ ಅಪ್ಪ ಎಂದಿನಂತೆ ಬಲಗಾಲು ಎಳೆದು ಕುಂಟುತ್ತಾ ಓಡಿ ಬಂದ. "ನೀನು ಹೋಗಿ ಇದನ್ನ ಎಳೆಯೋಕೆ ಜಾರುಬಂಡಿ ತಗೊಂಡು ಬಾ. ಹೊಟ್ಟೆ ನಾನು ಬಗೀತೀನಿ."

"ಹೊಡೆದೋರೇ ಬಗೀಬೇಕಲ್ಲಪ್ಪ?"

"ಈ ಸಲ ಬಿಡು. ಕೈ ನಡುಗ್ತಿದೆ ನಿಂದು."

ನಮ್ಮ ಬೇಟೆಮನೆಯ ನಿಯಮವನ್ನು ಅಪ್ಪ ನನಗಾಗಿ ಮುರಿದದ್ದು ಇದೇ ಮೊದಲು. ಖುಷಿಗೆ ಬಂಡಿಯ ತನಕ ಓಡಿಕೊಂಡೇ ಹೋದೆ.

ಈಗ ಜಿಂಕೆ ಹೊರಗೆ ತೊಲೆಗೆ ತೂಗುತ್ತಿದೆ. ಚಿಕ್ಕಪ್ಪ ಉಗಿಸ್ನಾನಕ್ಕೆ ಸೌನಾ ಕಾಯಿಸುತ್ತಾ, "ಈ ಪುಸ್ತಕದ ಹುಳ ನನ್ನ ಮರ್ಯಾದೆ ತೆಗೀತು" ಎಂದು ಒಬ್ಬನೇ ಬೈದುಕೊಳ್ಳುತ್ತಿದ್ದಾನೆ. ಅಪ್ಪ ಎರಡು ಸಲ ಕೇಳಿದ: "ರೈನೋಗೆ ಬರೆದ್ಯಾ?" ಬರೆದೆ. ಮಾತು ಮಾತೇ ಅಣ್ಣ, ಕ್ರಿಸ್‌ಮಸ್ಸಿಗೆ ನೀನು ಬರಲೇಬೇಕು. ಡೆಟ್ರಾಯಿಟಿನಲ್ಲಿ ಈ ಕಾಗದ ಅಂಚೆದೋಣಿಯಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಕೂತು ನಿನ್ನ ಹಡಗಿಗೆ ಏರುವಾಗ ಒದ್ದೆಯಾಗದಿರಲಿ. ನವೆಂಬರಿನ ಸರೋವರ ನಿನ್ನನ್ನು ಮೆಲ್ಲಗೆ ದಡ ಸೇರಿಸಲಿ.

ನಿನ್ನ ತಂಗಿ,
ಸೈಮಿ

ಮತ್ತೆ (ನವೆಂಬರ್ 16): ಅಂಟಿಸಿದ್ದ ಲಕೋಟೆಯನ್ನು ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ಮರದಡಿ ಮರೆತ ಅಜ್ಜನ ಫ್ಲಾಸ್ಕ್ ತರಲು ಬೆಳಗ್ಗೆ ದಿಬ್ಬಕ್ಕೆ ಹೋದೆ. ಅಪ್ಪ ಬಗೆದು ಬಿಟ್ಟಿದ್ದ ಕರುಳಿನ ರಾಶಿಯನ್ನು ಕಾಗೆಗಳು ಹರಿದಿದ್ದವು. ಹೊಟ್ಟೆಚೀಲ ಒಡೆದು ಹಿಮದ ಮೇಲೆ ಚೆಲ್ಲಿತ್ತು. ಕಿತ್ತಳೆ ಬಣ್ಣ. ಕ್ಯಾರೆಟ್ ಚೂರುಗಳು. ತಗ್ಗಿಗೆ ಇಳಿದೆ. ಸಡಿಲ ಹಿಮವನ್ನು ರಾತ್ರಿಯ ಗಾಳಿ ಹೊತ್ತೊಯ್ದು, ತುಳಿದು ಗಟ್ಟಿಯಾದ ಹೆಜ್ಜೆಗಳು ಮಾತ್ರ ಉಳಿದಿದ್ದವು. ಬಲಗಾಲು ಎಳೆದ ಗೆರೆಯ ಹೆಜ್ಜೆ. ಅದನ್ನು ಓದಲು ಅಜ್ಜನೇನೂ ಬೇಕಾಗಿರಲಿಲ್ಲ. ತಿನ್ನಲು ಏನೂ ಬೆಳೆಯದ ಆ ತಗ್ಗಿಗೆ ಜಿಂಕೆ ದಿನವೂ ಯಾಕೆ ಹೋಗುತ್ತದೆ ಎಂದು ಮೂರು ದಿನವೂ ನಾನು ಕೇಳಿಕೊಂಡಿರಲಿಲ್ಲ. ಅಲ್ಲೇ ಮರದ ಬುಡದಲ್ಲಿ ನಮ್ಮ ಹಳೆಯ ಬಕೆಟ್ಟೊಂದು ಸಿಕ್ಕಿತು. ತುಕ್ಕು ಹಿಡಿದು, ಹಿಡಿಕೆಯ ಮೇಲೆ ಪಾಚಿ ಬೆಳೆದಿತ್ತು.

ಬಂದು ಆ ಹಳೆಯ ಬಕೆಟ್ಟಿನ ಬಗ್ಗೆ ಅಪ್ಪನನ್ನು ಕೇಳಿದೆ. ಕಾಫಿ ಲೋಟ ಕೆಳಗಿಟ್ಟ. "ಕೊನೇ ನಾಕು ವರ್ಷ ನಿಮ್ಮಜ್ಜನಿಗೆ ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ ಸೈಮಿ. ಜಿಂಕೆ ಹತ್ರ ಬರೋ ಹಾಗೆ ಮಾಡ್ಬೇಕಾಗಿತ್ತು. ಗೊತ್ತಾಗಿದ್ರೆ ಕೋವಿ ಕೆಳಗಿಟ್ಟು ಸತ್ತೇ ಹೋಗ್ತಿದ್ದ." ಆಮೇಲೆ ಹೇಳಿದ: "ರೈನೋಗೆ ಬರೀಬೇಡ. ಅವನು ಬರಲಿ, ಸಾಕು."

ನೀನು ಮೆಟ್ಟಿಲ ಮೇಲೆ ಎತ್ತಿ ಹೇಳಿದೆಯಲ್ಲ, ಅಜ್ಜನ ಆ ಕೊನೆಯ ನಾಲ್ಕು ಬೇಟೆಗಳು, ಅವು ಅಪ್ಪನವು.

ನಿನ್ನ ಷರತ್ತಿನ ಪ್ರಕಾರ ನಾನು ಸೋತೆ. ನೀನು ಬರಬೇಕಾಗಿಲ್ಲ. ನನ್ನ ಅಂಗಿಯ ತುದಿಯನ್ನು ನಾನೇ ಕತ್ತರಿಸಿ ಗೋಡೆಗೆ ಹೊಡೆದೆ. "ಹೊಡೆದೋಳು ಯಾಕೆ ಕತ್ತರಿಸ್ಕೊಂಡ್ಯೇ?" ಎಂದು ಚಿಕ್ಕಪ್ಪ ಬಾಯಿ ಬಿಟ್ಟ. ಅಪ್ಪ ಕಿಟಕಿಯ ಕಡೆ ತಿರುಗಿದ. ಅದರ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದಿಟ್ಟಿದ್ದೇನೆ ಅಣ್ಣ. ಬರುವುದಾದರೆ ಹಳೆಯ ಅಂಗಿಯೊಂದನ್ನು ಹಾಕಿಕೊಂಡು ಬಾ. ಆ ದಿನ ಮೆಟ್ಟಿಲ ಮೇಲೆ ನೀನೂ ಗುರಿ ತಪ್ಪಿದ್ದೆ.