ಅಮ್ಮನ ಮಡಿ ಬಿಂದಿಗೆ

ಕೌಸಲ್ಯ,

ಸಿನಿಮಾ ರೀಲಿನ ಡಬ್ಬಿ ತರೋಕೆ ಗುಬ್ಬಿಯಿಂದ ರೈಲಲ್ಲಿ ತುಮಕೂರಿಗೆ ಹೋಗ್ತಿದೀನಿ. ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಸಂಜೆ ನಾನು ಬಂದ ತಕ್ಷಣ ನಾವಿರೋ ವ್ಯಾನು ಮುಂದಿನ ಆಟಕ್ಕೆ ಕುಣಿಗಲ್‌ಗೆ ಹೊರಡುತ್ತೆ. ಒಲೆ, ಪಾತ್ರೆ ಎಲ್ಲಾ ಒಳಗೆ ಕಟ್ಟಿಡು.

ಡ್ರಮ್ಮಿನಲ್ಲಿ ಅರ್ಧ ನೀರಿದೆ. ಅದರಲ್ಲಿ ಬಟ್ಟೆ ಒಗೀಬೇಡ, ಕೆರೆಗೆ ಹೋಗು. ಕುಡಿಯೋದಕ್ಕೆ ಛತ್ರದ ಬಾವಿ ನೀರು ಸೋಸಿ ತುಂಬು. ಡ್ರಮ್ಮನ್ನ ಕಂಠಮಟ್ಟ ತುಂಬಿದರೆ ದಾರೀಲಿ ತುಳುಕಿ ಹಾಸಿಗೆ ನೆನೆಯುತ್ತೆ. ಹೋದ ಸಲವೂ ಹೇಳಿದ್ದೆ.

ಅಮ್ಮನ ಮಡಿ ಬಿಂದಿಗೆ ಇನ್ನು ನಾನು ಬೇರೆ ತುಂಬೋದು ಬೇಡ. ಅವಳು ಹೋಗಿ, ಹದಿಮೂರನೇ ದಿನದ ವೈಕುಂಠ ಸಮಾರಾಧನೆಯೂ ಮುಗಿದು ಎಂಟು ದಿನ ಆಯ್ತು.

ಇವತ್ತು ಬೆಳಿಗ್ಗೆ ಅವಳಿದ್ದಾಗಿನ ಹಾಗೆ ಒದ್ದೆ ಪಂಚೆಯಲ್ಲಿ ಸೇದಿ ತಂದು, ಅವಳ ಮೂಲೆಯಲ್ಲಿ ಇಟ್ಟುಬಿಟ್ಟಿದೀನಿ. ಇಟ್ಟ ಮೇಲೆ ಜ್ಞಾಪಕ ಬಂತು. ಚೆಲ್ಲೋಕೆ ಕೈ ಬರಲಿಲ್ಲ. ಅದರಲ್ಲೇ ಅಡಿಗೆ ಮಾಡು. ಇನ್ಮೇಲೆ ನೀನು ಮುಟ್ಟಬಹುದು.